ಗಾಳಿಯ ಸುಂಕ

ಸುಂಕದವನ ಮುಂದ ಸುಖ ದುಃಖ ಹೇಳಬ್ಯಾಡ ಅಂತಾರ.
ಗಾಳಿ ಅಂಥಾ ಸುಂಕದಂವ.
ಮೊಳಿ ತಲಿ ಕೂದಲೆಳಿಯಷ್ಟು ಹೊರಗ ಇಣುಕಿದ್ರ ಅದಕ್ಕೂ ಲೆಕ್ಕ,
ಬಾಗಲ ಸಂದಿಗೆ ಲೆಕ್ಕ, ಗಾಲಿಗೆ ಲೆಕ್ಕ,
ವೇಗ ಇಮ್ಮಡಿ ಮಾಡಿದ್ಯಾ? ಸುಂಕ ನಾಕು ಪಟ್ಟು ಇಡು.
ಹಿಂಗಂದವ್ರು ಹಲಗತ್ತಿ ಮೇಡಂ,
ಐಟಿಐದಾಗ ಇಪ್ಪತ್ತೊಂಬತ್ತು ವರ್ಷ ಲೇಥ್ ಕಲಿಸಿ
ಬೆಟಗೇರಿ ಹೊರಗ, ಮುಚ್ಚಿದ ಹತ್ತಿ ಜಿನ್ನಿನ ಗೋದಾಮಿನಾಗ
ಎರಡು ಸೀಟಿನ ಇಮಾನ ಕಟ್ಟಿದವ್ರು.

ನಾ ದಾವಲಸಾಬ. ಕಾರಿನ ಡೆಂಟ್ ತೆಗ್ಯಾಂವ.
ಮದಲ ದಿನ ರೆಕ್ಕಿ ಮ್ಯಾಲೆ ಅಂಗೈ ಆಡಿಸಿ
"ಇಲ್ಲೊಂದು ತಗ್ಗೈತ್ರಿ" ಅಂದೆ.
ಕಣ್ಣಿಗೆ ಏನೂ ಕಾಣವಲ್ದು. ಮೇಡಂ ಪಟ್ಟಿ ಇಟ್ಟು,
ಬೆಳಕು ಹಿಡದು, ಬಗ್ಗಿ ನೋಡಿ
"ಅರ್ಧ ಮಿಲಿಮೀಟರ. ನಾಳೆ ಬಾ" ಅಂದ್ರು.

ಮೂರು ವಾರ ತಿಕ್ಕಿದೆ.
ನಾನೂರರ ಕಾಗದ, ಎಂಟನೂರರದು, ಹದಿನೈದನೂರರದು,
ನೀರು ಗೊಜ್ಜಿ, ಉದ್ದಕ್ಕ, ಅಡ್ಡಕ್ಕ.
ಬಟ್ಟಿನ ಗೆರಿ ಸವದು
ರೇಷನ್ ಅಂಗಡ್ಯಾಗ ಮಷೀನು ನನ್ನ ಹೆಬ್ಬಟ್ಟು ಒಪ್ಪಲಿಲ್ಲ.
"ಯಾರ್ ನೀ?" ಅಂದಂಗ ಕೆಂಪು ದೀಪ.
ಇತ್ತ ರೆಕ್ಕಿಯೊಳಗ ಮಾತ್ರ ನನ್ನ ಮಾರಿ ಛಲೋ ಕಾಣತಿತ್ತು.

ಹಾರಿಸಿ ಇಳದು ಬಂದು ಮೇಡಂ ಚೀಟಿ ತೋರ್ಸಿದ್ರು.
ಮದಲ ನೂರಾ ಐವತ್ತೆಂಟು.
ಈಗ ನೂರಾ ಐವತ್ತೊಂಬತ್ತು.

ಒಂದು!
ಆ ದಿನ ನಾ ಅವರ ಚಾ ಕುಡೀಲಿಲ್ಲ.

"ನಮಗ ಎಲ್ಲೆ ಚಂದ ಕಾಣಬೇಕಿತ್ತೋ ಅಲ್ಲೆ ತಿಕ್ಕಿದ್ವಿ" ಅಂದ್ರು,
"ಗಾಳಿನ್ನ ಒಂದು ಮಾತು ಕೇಳಲಿಲ್ಲ."

ವಿಠ್ಠಲಸಾನ ಮಗ್ಗದ ಉಳಕಿ ನೂಲು, ಕೆಂಪಂದು, ಒಂದು ಹಿಡಿ.
ನಾಕು ಬಟ್ಟಿನುದ್ದ ಕತ್ತರಿಸಿ
ಗೇಣಿಗೊಂದರಂಗ ರೆಕ್ಕಿ ತುಂಬ ಟೇಪಿಲೆ ಅಂಟಿಸಿದ್ವಿ.
ಆಡು ಕಾಯೂ ಹುಡುಗ ಬೇಲಿ ಹತ್ರ ನಿಂತು
"ದೃಷ್ಟಿ ಆಗೇತೇನ್ರಿ ಇದಕ್ಕ?" ಅಂದ.
ಹೌದಪ್ಪ, ಆಗೇತಿ.

ಫೋಟೋ ತೆಗ್ಯಾಕ ನನ್ನ ಪಕ್ಕದ ಸೀಟಿನ್ಯಾಗ ಕುಂದ್ರಿಸಿದ್ರು.
ಮುಳಗುಂದ ರೋಡಿನ ಹೊಲದಾಗ ಗರಸು ಹಾಸಿದ ಪಟ್ಟಿ,
ಧಡಧಡ ಅಂದದ್ದು ಒಮ್ಮೆಲೇ ನಿಂತು
ಹೊಟ್ಟಿ ಹಗೂರಾತು.
ಕೆಳಗ ಗದಗ ಇತ್ತಂತ. ಕಪ್ಪತಗುಡ್ಡದ ಮ್ಯಾಲೆ
ಗಾಳಿಪಂಕಾ ತಿರುಗತಿದ್ದುವಂತ. ನಾ ನೋಡಲಿಲ್ಲ.
ದಾರ ನೋಡಿದೆ.
ತುದಿಗೆಲ್ಲಾ ಎಣ್ಣಿ ಹಚ್ಚಿ ಹಿಕ್ಕಿದ ತಲಿಯಂಗ
ಹಿಂದಕ್ಕ ಮಲಗಿದ್ದುವು.
ಆದ್ರ ನನ್ನ ಮೊಣಕಾಲ ಹತ್ರ,
ರೆಕ್ಕಿ ಬಂದು ಮೈಗೆ ಕೂಡೂ ಮೂಲ್ಯಾಗ,
ಹನ್ನೊಂದು ದಾರ ಎದ್ದು ನಿಂತು
ಹುಚ್ಚು ಹಿಡದಂಗ ಗರಗರ ತಿರಗತಿದ್ದುವು,
ಎರಡಂತೂ ಮಾರಿ ಮುಂದಕ್ಕ ಮಾಡಿದ್ದುವು.
ಹಿಂದಕ್ಕ ಹೋಗಬೇಕಾದ ಗಾಳಿ ಅಲ್ಲೆ ಗಂಟಾಗಿ
ನಮ್ಮ ಅಂಗಿ ಹಿಡಕೊಂಡು ಜಗ್ಗತಿತ್ತು.

ನಮ್ಮವ್ವ ಗ್ವಾಡಿ ನೆಲ ಕೂಡೂವಲ್ಲಿ
ಹಸಿಮಣ್ಣು ಮೆತ್ತಿ ಹೆಬ್ಬಟ್ಟಿಲೆ ದುಂಡಗ ಎಳೀತಿದ್ಲು.
ಕಸಬರಗಿ ಸಿಗಬಾರದು, ಇರಿವಿ ಕೂಡಬಾರದು.
ಆ ಎಳತ ನೆನಪಿತ್ತು ಕೈಗೆ.
ಫೋಮ್ ಕೆತ್ತಿ, ಫೈಬರ್ ಅರವಿ ಸುತ್ತಿ, ಪುಟ್ಟಿ ಬಳದು
ಅದೇ ಹೆಬ್ಬಟ್ಟಿಲೆ
ಮುಂದ ಸಣ್ಣ, ಹಿಂದಕ್ಕ ಹೋದಂಗ ಅಗಲ
ಮೂಲಿ ಮುಚ್ಚಿದೆ.
ಎಲ್ಲೆ ರೆಕ್ಕಿ ಮುಗೀತು, ಎಲ್ಲೆ ಮೈ ಸುರುವಾತು,
ಕಣ್ಣು ಮುಚ್ಚಿ ಕೈಯಾಡಿಸಿದ್ರ ನನಗೂ ತಿಳೀವಲ್ದು.

ಗಾಲಿಗೆ ಟೊಪಗಿ ಹಾಕಿ ನೋಡಿದ್ವಿ, ನಡುವ ಒಮ್ಮೆ.
ಮಳಿ ಬಂದು ಎರಿಮಣ್ಣು ಒಳಗ ಮೆತ್ತಿ
ಗಾಲಿನೇ ತಿರುಗಲಿಲ್ಲ. ಬಿಚ್ಚಿ ಒಗದ್ವಿ.

ನೂರಾ ಅರವತ್ತಾರು.
ಅದೇ ಇಂಜಿನ್, ತಾಸಿಗೆ ಅದೇ ಹದಿನೈದು ಲೀಟರ್.
ಮೇಡಂ ಚೀಟಿ ನನ್ನ ಕೈಗೆ ಕೊಟ್ಟು ಮಾತಾಡಲಿಲ್ಲ.
ಮಾತಾಡಿದ್ದು ಚಾ ಮುಗದ ಮ್ಯಾಲೆ:
"ಬಾಲದ ಬುಡಕ್ಕ ಇನ್ನೆರಡು ದಾರ ಎದ್ದು ನಿಂತಾವ.
ಸೋಮವಾರ ಬಾ. ಕಾಗದ ತಗೊಂಡು ಬಾ."

ಬಟ್ಟಿನ ಗೆರಿ ಈಗೀಗ ಮತ್ತ ಮೂಡ್ಯಾವ.
ಒರಟು.
ಅದಕ ಇವತ್ತೇ ಹೋಗಿ
ಹೆಬ್ಬಟ್ಟು ಒತ್ತಿ, ಹಸರು ದೀಪ ಬಂದ ಕೂಡಲೆ
ಈ ತಿಂಗಳ ಅಕ್ಕಿ ತಂದಿಟ್ಟೆ.